ಅಡಿಕೆ ಬುಡದ ಗ್ಯಾನೋಡರ್ಮಾ: ಹೋಲಿಕೆ ಶೇ. 97, ಬೀಜಕ ತೀರಾ ದೊಡ್ಡದು. ಇದು ಹೊಸ ಪ್ರಭೇದವೇ?

ಸೊಪ್ಪಿನಬೆಟ್ಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಸ್ಯಶಾಸ್ತ್ರ ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಸಾಗರ ತಾಲ್ಲೂಕಿನ ನಮ್ಮ ಮನೆಯ ತೋಟದಲ್ಲಿ ಅಣಬೆ ರೋಗ ತಗಲಿ ಒಣಗುತ್ತಿರುವ ಏಳು ಅಡಿಕೆ ಮರಗಳ ಬುಡದಿಂದ, ಕಳೆದ ಮಳೆಗಾಲದ ಕೊನೆಯಲ್ಲಿ ಸಂಗ್ರಹಿಸಿದ ಗ್ಯಾನೋಡರ್ಮಾ (ಮರ ಕೊಳೆಸುವ ಅಣಬೆಗಳ ಒಂದು ಕುಲ) ನನ್ನ ಪ್ರಬಂಧದ ವಿಷಯ.

ಟೋಪಿ ಮೂತ್ರಪಿಂಡದ ಆಕಾರದಲ್ಲಿದೆ, ಅಗಲ 9 ಸೆಂ.ಮೀ.ವರೆಗೆ ಇದೆ. ಮೇಲ್ಮೈ ವಾರ್ನಿಷ್ ಹಚ್ಚಿದಂತೆ ಹೊಳೆಯುವ ಕಂದುಗೆಂಪು, ಅಂಚು ಮಾತ್ರ ಬಿಳಿ ಹಳದಿ. ಅಡಿಯ ರಂಧ್ರಗಳು ಬೆಳ್ಳಗಿದ್ದು, ಬೆರಳು ತಾಗಿದಲ್ಲಿ ಕಂದಾಗುತ್ತವೆ. ಎರಡು ಮರಗಳ ಅಣಬೆಗೆ ಪಕ್ಕದಲ್ಲಿ ಕಾಂಡವಿದೆ, ಉಳಿದವಕ್ಕೆ ಇಲ್ಲವೆನ್ನುವಷ್ಟು ಚಿಕ್ಕದು. ಶೇ. 5ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಇಟ್ಟು ನೋಡಿದಾಗ ಬೀಜಕಗಳು (ಅಣಬೆ ಉದುರಿಸುವ ಸಂತಾನ ಕಣಗಳು) ಕಂದು ಬಣ್ಣದವು, ಎರಡು ಗೋಡೆಯವು, ಒಂದು ತುದಿ ಕತ್ತರಿಸಿದಂತಿದೆ. ಆದರೆ ಅಳತೆ ಸರಾಸರಿ 13.6 × 9.4 ಮೈಕ್ರಾನ್ ಬರುತ್ತಿದೆ. ಗ್ಯಾನೋಡರ್ಮಾ ಲೂಸಿಡಮ್ ಎಂಬ ಪ್ರಭೇದದ ವಿವರಣೆಗಳಲ್ಲಿ ಸರಾಸರಿ ಇಷ್ಟು ದೊಡ್ಡದಾಗಿ ನನಗೆ ಎಲ್ಲಿಯೂ ಸಿಗಲಿಲ್ಲ.

ಡಿಎನ್‌ಎ ವಿಷಯದಲ್ಲಿ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕ್ರಿಯೆ) ಎರಡು ಸಲ ವಿಫಲವಾಯಿತು, ಮೂರನೆಯ ಸಲ ಮಸುಕಾದ ಬ್ಯಾಂಡ್ ಬಂತು. ಶಿಲೀಂಧ್ರಗಳನ್ನು ಗುರುತಿಸಲು ಬಳಸುವ ಐಟಿಎಸ್ ಎಂಬ ಡಿಎನ್‌ಎ ಭಾಗದಲ್ಲಿ, ಐಟಿಎಸ್1ಎಫ್ ಪ್ರೈಮರಿನಿಂದ (ಓದು ಆರಂಭಿಸಲು ಹಾಕುವ ಚಿಕ್ಕ ಡಿಎನ್‌ಎ ತುಣುಕು) ಒಂದೇ ದಿಕ್ಕಿನಲ್ಲಿ ಓದಿಸಿದ 580 ಬೇಸ್‌ಗಳನ್ನು ಬ್ಲಾಸ್ಟ್‌ಗೆ (ಸಾರ್ವಜನಿಕ ಭಂಡಾರದ ಸೀಕ್ವೆನ್ಸ್‌ಗಳ ಜೊತೆ ಹೋಲಿಸುವ ಸಾಧನ) ಕೊಟ್ಟಾಗ, ಮೊದಲ ಸಾಲಿನಲ್ಲಿ ಗ್ಯಾನೋಡರ್ಮಾ ಲೂಸಿಡಮ್ ಶೇ. 97.2 ಎಂದು ಬಂತು. ಓದಿನ ನಕ್ಷೆಯಲ್ಲಿ (ಕ್ರೊಮ್ಯಾಟೋಗ್ರಾಮ್) ಪ್ರತಿ ಬೇಸ್‌ಗೆ ಒಂದರಂತೆ ಇರಬೇಕಾದ ಶಿಖರಗಳು 212ನೆಯ ಬೇಸ್‌ನಿಂದ ಮುಂದೆ ಜೋಡಿಯಾಗಿವೆ. ಶೇ. 98ಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದವೆಂದು ಪರಿಗಣಿಸಬಹುದು ಎಂದು ಹಲವರು ಹೇಳಿದ್ದಾರೆ. ಬೀಜಕದ ಅಳತೆಯೂ ಅದಕ್ಕೆ ಒತ್ತಾಸೆಯಾಗಿದೆಯಲ್ಲವೇ? ಹೆಸರಿಡುವ ಮುನ್ನ ಇನ್ನೇನು ಮಾಡಬೇಕು?

ಅಗರೋಸ್

ಹೆಸರಿಡುವ ಮಾತು ಸದ್ಯಕ್ಕೆ ಬದಿಗಿರಲಿ. ನಿಮ್ಮ 97.2 ಎಂಬ ಸಂಖ್ಯೆಯೇ ನನಗೆ ಅನುಮಾನ ತರಿಸಿದೆ. ನೀವು ಲಗತ್ತಿಸಿದ ಕ್ರೊಮ್ಯಾಟೋಗ್ರಾಮನ್ನು ತೆರೆದು, ಮೊದಲ ಹೋಲಿಕೆಯ ಜೊತೆ ಸಾಲುಸಾಲಾಗಿ ಇಟ್ಟು ನೋಡಿದೆ. ಒಟ್ಟು ವ್ಯತ್ಯಾಸ 16 ಕಡೆ, ಅದರಲ್ಲಿ 14 ಇರುವುದು 212ರ ನಂತರ, ಅಂದರೆ ಶಿಖರಗಳು ಜೋಡಿಯಾದ ಭಾಗದಲ್ಲಿಯೇ. ಅಲ್ಲಿ ಯಂತ್ರ ಎರಡು ಶಿಖರಗಳಲ್ಲಿ ಒಂದನ್ನು ಊಹಿಸಿ ಅಕ್ಷರ ಬರೆದಿದೆ. ಆ ಊಹೆಗಳನ್ನು ನೀವು ಪ್ರಭೇದಗಳ ನಡುವಿನ ದೂರವೆಂದು ಎಣಿಸುತ್ತಿದ್ದೀರಿ.

ಜೋಡಿ ಶಿಖರ ಕಂಡ ಕೂಡಲೇ ಕಲಬೆರಕೆ ಎಂದು ಮಾದರಿಯನ್ನು ಎಸೆಯುವವರೂ ಇದ್ದಾರೆ, ಅದೂ ಅವಸರವೇ. ಇನ್ನೊಂದು ಶಿಲೀಂಧ್ರದ ಡಿಎನ್‌ಎ ಸೇರಿಕೊಂಡಿದ್ದರೆ, ಎಲ್ಲ ಶಿಲೀಂಧ್ರಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುವ 18ಎಸ್ ಜೀನಿನ ತುದಿ ಮುಗಿದ ಕೂಡಲೇ, ಬಹಳ ಬೇಗ, ಗೊಂದಲ ಆರಂಭವಾಗುತ್ತಿತ್ತು. ನಿಮ್ಮದು 212ರವರೆಗೆ ಕನ್ನಡಿಯಂತೆ ಸ್ವಚ್ಛವಾಗಿದೆ. ಅಲ್ಲಿಂದಾಚೆಗೆ ಪ್ರತಿ ದೊಡ್ಡ ಶಿಖರದ ಅಕ್ಷರವೇ ಎರಡು ಸ್ಥಾನ ಮುಂದೆ, ಮೂರನೆಯ ಒಂದು ಭಾಗದ ಎತ್ತರದಲ್ಲಿ, ಚಿಕ್ಕ ಶಿಖರವಾಗಿ ಮತ್ತೆ ಬರುತ್ತದೆ. 215ರಿಂದ 240ರವರೆಗೆ ಕಾಗದದ ಮೇಲೆ ಬರೆದು ನೋಡಿ, ಒಂದೇ ಪದ್ಯವನ್ನು ಇಬ್ಬರು ಒಂದು ಮಾತ್ರೆ ಹಿಂದೆಮುಂದೆ ಹಾಡಿದಂತೆ ಕಾಣುತ್ತದೆ.

ಇದಕ್ಕೆ ಕಾರಣ ಹೀಗಿರಬಹುದು. ಅಣಬೆಯ ದೇಹದ ಎಳೆಗಳಲ್ಲಿ ಪ್ರತಿ ಕೋಶಕ್ಕೆ ಎರಡು ಪೋಷಕರಿಂದ ಬಂದ ಎರಡು ಕೋಶಕೇಂದ್ರಗಳು ಕೂಡಿಕೊಳ್ಳದೆ ಜೊತೆಯಲ್ಲಿಯೇ ಇರುತ್ತವೆ. ಒಂದರ ಐಟಿಎಸ್‌ನಲ್ಲಿ ಎರಡು ಅಕ್ಷರ ಹೆಚ್ಚಿದ್ದರೆ, ಆ ಜಾಗದಿಂದ ಮುಂದಿನ ಓದೆಲ್ಲ ಎರಡು ಹೆಜ್ಜೆ ತಪ್ಪುತ್ತದೆ. ಒಂದೇ ಕೋಶಕೇಂದ್ರದೊಳಗಿನ ಐಟಿಎಸ್ ಪ್ರತಿಗಳು ಬೇರೆಬೇರೆಯಾಗಿರುವುದೂ ಉಂಟು. ಎರಡೂ ಸಂದರ್ಭಗಳಲ್ಲಿ ಪರಿಹಾರ ಒಂದೇ. ಅದೇ ಪಿಸಿಆರ್ ಉತ್ಪನ್ನವನ್ನು ಐಟಿಎಸ್4 ಪ್ರೈಮರಿನಿಂದ ಎದುರು ದಿಕ್ಕಿನಲ್ಲಿ ಓದಿಸಿ. ಆ ಓದು ಸ್ವಚ್ಛವಾಗಿ ಬಂದು, ನಿಮ್ಮ 212ರ ಜಾಗದಲ್ಲಿಯೇ ಕದಡಲು ಆರಂಭಿಸಿದರೆ ನನ್ನ ಊಹೆ ಸರಿ. ಎರಡೂ ಕಡೆಯ ಸ್ವಚ್ಛ ಭಾಗಗಳನ್ನು ಅಲ್ಲಿ ಜೋಡಿಸಿದರೆ ಪೂರ್ಣ ಸೀಕ್ವೆನ್ಸ್ ಸಿಗುತ್ತದೆ.

ಒಂದು ಪ್ರಶ್ನೆ: ಡಿಎನ್‌ಎಗಾಗಿ ಅಂಗಾಂಶವನ್ನು ಎಲ್ಲಿಂದ ತೆಗೆದಿರಿ? ರಂಧ್ರಗಳ ಪದರದಿಂದ ಎಂದಾದರೆ, ಅಲ್ಲಿ ಬೂಷ್ಟುಗಳ ಸಂತೆಯೇ ನೆರೆದಿರುತ್ತದೆ. ಟೋಪಿಯನ್ನು ಮುರಿದು, ಹೊಸದಾಗಿ ತೆರೆದ ಒಳತಿರುಳಿನಿಂದ, ಅಂಚಿಗೆ ಹತ್ತಿರವಾಗಿ, ಅಕ್ಕಿಕಾಳಿನಷ್ಟು ಸಾಕು. ಪಿಸಿಆರ್ ವಿಫಲವಾದದ್ದು ಡಿಎನ್‌ಎ ಕಡಿಮೆಯಾಗಿ ಅಲ್ಲ, ಅದರ ಜೊತೆ ಬಂದ ಕಂದು ಫೀನಾಲ್‌ಗಳು ಮತ್ತು ಲೋಳೆ ಶರ್ಕರಗಳು ಕಿಣ್ವವನ್ನು ತಡೆದದ್ದರಿಂದ ಇರಬಹುದು. ಡಿಎನ್‌ಎಯನ್ನು 10 ಪಟ್ಟು, 50 ಪಟ್ಟು ತೆಳುಗೊಳಿಸಿ ನೋಡಿ. ಹೆಚ್ಚು ಹಾಕಿದಷ್ಟೂ ಕೆಡುವ ಪಿಸಿಆರ್ ಇದು.

ಇನ್ನು ಆ ಶೇ. 98ರ ಗೆರೆ. ಮಣ್ಣಿನಂಥ ಮಾದರಿಗಳಿಂದ ಬರುವ ರಾಶಿ ಸೀಕ್ವೆನ್ಸ್‌ಗಳನ್ನು ಗುಂಪುಗೂಡಿಸಲು ಅನುಕೂಲಕ್ಕೆಂದು ಇಟ್ಟುಕೊಂಡ ಗೆರೆಗಳಲ್ಲಿ ಅದೂ ಒಂದು. ಪ್ರಭೇದದ ಗಡಿ ಅಲ್ಲಿಯೇ ಇದೆಯೆಂದು ಯಾವ ಶಿಲೀಂಧ್ರವೂ ಒಪ್ಪಿಕೊಂಡಿಲ್ಲ.

ಒಣಮಾದರಿ

ಅಗರೋಸ್ ಅವರು ಹೇಳಿದ್ದು ಸರಿಯಾಗಿದೆ. ನಾನು ಬೀಜಕದ ಬಗ್ಗೆ ಕೇಳುತ್ತೇನೆ. ತಂಗಿ, 13.6ನ್ನು 9.4ರಿಂದ ಭಾಗಿಸಿದರೆ ಸುಮಾರು 1.45 ಬರುತ್ತದೆ. ಈ ಗುಂಪಿನ ಬೀಜಕಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಉದ್ದ-ಅಗಲದ ಪ್ರಮಾಣ ಅದೇ. ನಿಜವಾಗಿಯೂ ಬೇರೆ ಪ್ರಭೇದವಾಗಿದ್ದರೆ ಉದ್ದದ ಜೊತೆ ಆಕಾರವೂ ತುಸು ಬದಲಾಗಿರಬಹುದೆಂದು ನಿರೀಕ್ಷಿಸುತ್ತೇನೆ. ಆಕಾರ ಹಾಗೆಯೇ ಇದ್ದು ಎರಡೂ ಅಳತೆಗಳು ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ, ನಾನು ಮೊದಲು ಅನುಮಾನಿಸುವುದು ಅಳತೆಗೋಲನ್ನು, ಆಮೇಲೆ ಅಣಬೆಯನ್ನು. ಅಳೆದದ್ದು ಹೇಗೆ? ಸೂಕ್ಷ್ಮದರ್ಶಕದ ನೇತ್ರಕದಲ್ಲಿನ ಮೈಕ್ರೋಮೀಟರಿನಿಂದಲೋ, ಫೋಟೋದಿಂದಲೋ? ಬೀಜಕಗಳು ಕಾಗದದ ಮೇಲೆ ತಾವಾಗಿ ಉದುರಿದವೋ, ರಂಧ್ರದ ಪದರವನ್ನು ಕೆರೆದು ತೆಗೆದವೋ? ಕತ್ತರಿಸಿದಂತೆ ಕಾಣುವ ತುದಿಯಲ್ಲಿ ಪಾರದರ್ಶಕವಾದ ಮೊಗ್ಗೊಂದಿರುತ್ತದೆ. ಅದು ಉಬ್ಬಿದ್ದಾಗ ಒಳಗೊಂಡು ಅಳೆದರೆ ಒಂದೆರಡು ಮೈಕ್ರಾನ್ ಹೆಚ್ಚು, ಕುಸಿದಾಗ ಅಳೆದರೆ ಅಷ್ಟು ಕಡಿಮೆ. ಯಾವುದನ್ನು ಅಳೆದಿರೆಂದು ಬರೆಯದ ಅಳತೆಯನ್ನು ಇನ್ನೊಬ್ಬರ ಅಳತೆಯ ಜೊತೆ ಹೋಲಿಸಲು ಬರುವುದಿಲ್ಲ.

ಡಿಎನ್‌ಎ ಯಾವ ಮರದ್ದು, ಬೀಜಕ ಯಾವ ಮರದ್ದು ಎಂಬುದನ್ನೂ ತಿಳಿಸಿ.

ಸೊಪ್ಪಿನಬೆಟ್ಟ

ಹೇಳಲು ಸಂಕೋಚವಾಗುತ್ತಿದೆ ಸರ್. ನೇತ್ರಕಕ್ಕೆ ಫೋನ್ ಹಿಡಿದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅಳೆದಿದ್ದೆ. ಅಳತೆಪಟ್ಟಿಯ ಸ್ಲೈಡಿನ ಫೋಟೋವನ್ನು ಝೂಮ್ ಇಲ್ಲದೆ ತೆಗೆದಿದ್ದೆ. ಬೀಜಕಗಳ ಫೋಟೋ ತೆಗೆಯುವಾಗ ಸುತ್ತಲಿನ ಕಪ್ಪು ವೃತ್ತ ಕಾಣದಿರಲೆಂದು ಸ್ವಲ್ಪ ಝೂಮ್ ಮಾಡಿದ್ದೆ, ಫೈಲಿನ ವಿವರದಲ್ಲಿ ಈಗ ನೋಡಿದರೆ 1.3 ಎಂದಿದೆ. ಡಿಎನ್‌ಎ 3ನೆಯ ಮರದ್ದು, ಬೀಜಕ 5ನೆಯ ಮರದ್ದು. ಅಂಗಾಂಶ ತೆಗೆದದ್ದು ರಂಧ್ರಗಳ ಪದರದಿಂದಲೇ. ಎಲ್ಲವನ್ನೂ ಮತ್ತೆ ಮಾಡಿ ಬರೆಯುತ್ತೇನೆ.

ಸೊಪ್ಪಿನಬೆಟ್ಟ (ಮೂರು ವಾರಗಳ ನಂತರ)

3ನೆಯ ಮರದ ಅದೇ ಟೋಪಿಯಿಂದ ಉದುರಿದ 40 ಬೀಜಕಗಳನ್ನು ನೇತ್ರಕದ ಮೈಕ್ರೋಮೀಟರಿನಿಂದ, ತುದಿಯ ಮೊಗ್ಗನ್ನು ಸೇರಿಸಿ, ಎಣ್ಣೆ ಮಸೂರದಲ್ಲಿ ಅಳೆದೆ. ಸರಾಸರಿ 10.4 × 7.2 ಬಂತು. ಒಳತಿರುಳಿನ ಡಿಎನ್‌ಎ 50 ಪಟ್ಟು ತೆಳುಗೊಳಿಸಿದಾಗ ಮೊದಲ ಸಲಕ್ಕೇ ದಪ್ಪ ಬ್ಯಾಂಡ್ ಬಂತು. ಐಟಿಎಸ್4ರ ಓದು ಆ ಕಡೆಯಿಂದ ಸುಮಾರು 405 ಬೇಸ್ ಸ್ವಚ್ಛವಾಗಿ ಬಂದು, ಸರಿಯಾಗಿ ಅದೇ ಜಾಗದಲ್ಲಿ ಕದಡಿತು. ಒಂದು ಪ್ರತಿಯಲ್ಲಿ ಸಿ ಮತ್ತು ಟಿ ಎಂಬ ಎರಡು ಅಕ್ಷರಗಳು ಹೆಚ್ಚಿವೆ. ಜೋಡಿಸಿದ 617 ಬೇಸ್‌ಗಳಲ್ಲಿ ಈಗ ವ್ಯತ್ಯಾಸ ಎರಡೇ, ಹೋಲಿಕೆ ಶೇ. 99.7.

ಆದರೆ ಇನ್ನೊಂದು ತೊಡಕು ಎದುರಾಗಿದೆ. ಅಷ್ಟೇ ಹೋಲಿಕೆಯ ಸಾಲುಗಳಲ್ಲಿ ಹನ್ನೊಂದಕ್ಕೆ ಲೂಸಿಡಮ್ ಎಂದೂ, ನಾಲ್ಕಕ್ಕೆ ರೆಸಿನೇಸಿಯಮ್ ಎಂದೂ ಹೆಸರಿದೆ, ಆರಕ್ಕೆ ಪ್ರಭೇದದ ಹೆಸರೇ ಇಲ್ಲ. ಹೆಚ್ಚು ಮತ ಬಿದ್ದ ಲೂಸಿಡಮ್ ಎಂದು ಬರೆದುಬಿಡಲೇ?

ಒಣಮಾದರಿ

ಜೀನ್‌ಬ್ಯಾಂಕಿನಲ್ಲಿ (ನೀವು ಹೋಲಿಸಿದ ಆ ಸೀಕ್ವೆನ್ಸ್ ಭಂಡಾರದಲ್ಲಿ) ಹೆಸರನ್ನು ಬಹುಮತದಿಂದ ತೀರ್ಮಾನಿಸಲಾಗದು. ಅಲ್ಲಿನ ಹೆಸರೆಂದರೆ ಸೀಕ್ವೆನ್ಸನ್ನು ಸೇರಿಸಿದವರು ಅಂಟಿಸಿದ ಚೀಟಿ. ಒಬ್ಬರು ತಪ್ಪು ಚೀಟಿ ಅಂಟಿಸಿದರೆ, ಅದಕ್ಕೆ ಹೋಲಿಸಿ ನೋಡಿದ ಹತ್ತು ಮಂದಿ ಅದೇ ಚೀಟಿಯನ್ನು ನಕಲು ಮಾಡುತ್ತಾರೆ, ನಿಮ್ಮ ಹನ್ನೊಂದು ಸಾಲು ಹಾಗೆ ಬೆಳೆದಿರುವುದು ಅಸಾಧ್ಯವೇನಲ್ಲ. ಸಾರ್ವಜನಿಕ ಭಂಡಾರಗಳಲ್ಲಿನ ಶಿಲೀಂಧ್ರ ಐಟಿಎಸ್ ಸೀಕ್ವೆನ್ಸ್‌ಗಳಲ್ಲಿ ಸುಮಾರು ಶೇ. 20ರಷ್ಟಕ್ಕೆ ತಪ್ಪು ಪ್ರಭೇದದ ಹೆಸರಿರಬಹುದೆಂದು 2006ರಲ್ಲಿಯೇ ಒಂದು ಅಧ್ಯಯನ ಎಚ್ಚರಿಸಿತ್ತು. ಗ್ಯಾನೋಡರ್ಮಾದಲ್ಲಿ ಗೊಂದಲ ಇನ್ನೂ ಗಾಢವೆಂಬುದು ನನ್ನ ಅನುಭವ.

ಈ ಲೂಸಿಡಮ್ ಎಂಬ ಹೆಸರಿನ ಊರು ಯಾವುದೆಂದು ನೋಡಿ. 1781ರಲ್ಲಿ ವಿಲಿಯಂ ಕರ್ಟಿಸ್ ಇಂಗ್ಲೆಂಡಿನ ಅಣಬೆಗೆ ಬೊಲೆಟಸ್ ಲೂಸಿಡಸ್ ಎಂದು ಹೆಸರಿಟ್ಟರು, ನೂರು ವರ್ಷಗಳ ನಂತರ, 1881ರಲ್ಲಿ, ಕಾರ್ಸ್ಟೆನ್ ಅದಕ್ಕಾಗಿ ಗ್ಯಾನೋಡರ್ಮಾ ಕುಲವನ್ನು ಕಟ್ಟಿದರು. ಆಮೇಲೆ ಜಗತ್ತಿನಲ್ಲಿ ಎಲ್ಲಿ ಹೊಳೆಯುವ ಟೋಪಿ ಕಂಡರೂ ಲೂಸಿಡಮ್ ಎಂದು ಬರೆಯುವುದು ರೂಢಿಯಾಯಿತು. ನಮ್ಮಲ್ಲಿಯೂ 1936ರಲ್ಲಿ ವೆಂಕಟರಾಯನ್ ಅವರು ಅಡಿಕೆ ಮತ್ತು ತೆಂಗಿನ ಮೇಲಿನ ಈ ಶಿಲೀಂಧ್ರದ ಜೀವನವನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದು ಅದೇ ಹೆಸರಿನಲ್ಲಿ. ಅದು ಅವರ ತಪ್ಪಲ್ಲ, ಆಗ ಲಭ್ಯವಿದ್ದ ಹೆಸರು ಅದೇ. ಡಿಎನ್‌ಎ ಬಂದ ಮೇಲೆ ತಿಳಿದದ್ದೇನೆಂದರೆ, ನಿಜವಾದ ಲೂಸಿಡಮ್ ಮುಖ್ಯವಾಗಿ ಯುರೋಪಿನದು ಮತ್ತು ಏಷ್ಯಾದ ಕೆಲವು ಭಾಗಗಳದು. ಚೀನಾದಲ್ಲಿ ಔಷಧಿಗೆಂದು ಬೆಳೆಯುವ ಅಣಬೆಯೇ ಬೇರೆ ಎಂದು 2012ರಲ್ಲಿ ಅದಕ್ಕೆ ಗ್ಯಾನೋಡರ್ಮಾ ಲಿಂಗ್‌ಝಿ ಎಂಬ ಹೆಸರು ಕೊಟ್ಟರು, ಆ ಹೆಸರಿನ ಮೇಲೂ ವಾದ ನಡೆದೇ ಇದೆ. ಆದ್ದರಿಂದ ಮಲೆನಾಡಿನ ಅಡಿಕೆಯ ಬುಡದಲ್ಲಿರುವುದು ಕರ್ಟಿಸ್ ಕಂಡ ಅಣಬೆಯೇ ಎಂದು ಬರೆಯುವುದಾದರೆ, ಅದನ್ನು ತೋರಿಸುವ ಹೊಣೆ ನಿಮ್ಮದು.

ಹೋಲಿಸಬೇಕಾದದ್ದು ಟೈಪ್ ಮಾದರಿಗಳಿಂದ (ಪ್ರಭೇದದ ಹೆಸರಿಗೆ ಆಧಾರವಾದ ಮೂಲ ಮಾದರಿಗಳು), ಇಲ್ಲವೇ ಟೈಪ್ ಸಿಕ್ಕ ಸ್ಥಳದ ಮಾದರಿಗಳಿಂದ ಬಂದ ಸೀಕ್ವೆನ್ಸ್‌ಗಳನ್ನು ಮಾತ್ರ. ಅಂಥವು ನಿಮ್ಮ ಪಟ್ಟಿಯ ಇಪ್ಪತ್ತೊಂದನೆಯ ಸಾಲಿನ ಕೆಳಗೆ ಎಲ್ಲೋ ಇರಬಹುದು, ಹುಡುಕಿ ತೆಗೆಯಿರಿ. ಕಾಂಡ ಇದೆಯೇ ಇಲ್ಲವೇ ಎಂಬುದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಗಾಳಿಯಾಡದೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದ ಜಾಗದಲ್ಲಿ ಗ್ಯಾನೋಡರ್ಮಾ ಟೋಪಿಯನ್ನೇ ಬಿಡಿಸದೆ ಜಿಂಕೆಯ ಕೊಂಬಿನಂತೆ ಬೆಳೆಯುತ್ತದೆ, ಸೊಪ್ಪಿನ ಹಾಸಿನಡಿ ಹುಟ್ಟಿದ್ದಕ್ಕೆ ಕಾಂಡ ಉದ್ದವಾಗಿದ್ದರೆ ಆಶ್ಚರ್ಯವಿಲ್ಲ. ಅದಕ್ಕಿಂತ ಒಳತಿರುಳಿನ ಬಣ್ಣ, ಅದರಲ್ಲಿ ಕಪ್ಪು ರಾಳದ ಗೆರೆಗಳಿವೆಯೇ ಎಂಬುದು, ಮೇಲ್ಪದರದ ಗದೆಯಾಕಾರದ ಕೋಶಗಳು ಮೆಲ್ಜರ್ ಎಂಬ ಅಯೋಡಿನ್ ದ್ರಾವಣದಲ್ಲಿ ಯಾವ ಬಣ್ಣ ತಾಳುತ್ತವೆ ಎಂಬುದು ಹೆಚ್ಚು ಉಪಯುಕ್ತ.

ಇಷ್ಟಾದ ಮೇಲೂ ಬೇರೆಯದೆಂದು ಕಂಡರೆ ಆಗ ಹೊಸ ಹೆಸರಿನ ಯೋಚನೆ. ಅದಕ್ಕೆ ಒಂದು ಮರದ ಅಣಬೆ ನನಗೆ ಸಾಲದು, ಕನಿಷ್ಠ ಮೂರು ತೋಟಗಳದ್ದಾದರೂ ಬೇಕು. ಹೋಲೋಟೈಪನ್ನು (ಹೊಸ ಹೆಸರಿಗೆ ಆಧಾರವೆಂದು ಗೊತ್ತುಮಾಡುವ ಮಾದರಿ) ಪುಣೆಯ ಅಜ್ರೇಕರ್ ಶಿಲೀಂಧ್ರ ಸಂಗ್ರಹಾಲಯದಂಥ ಕಡೆ ಒಪ್ಪಿಸಬೇಕು. 2013ರ ಜನವರಿ 1ರಿಂದ ಮೈಕೋಬ್ಯಾಂಕ್‌ನಂಥ ನೋಂದಣಿಯ ಸಂಖ್ಯೆ ಇಲ್ಲದೆ ಶಿಲೀಂಧ್ರದ ಹೊಸ ಹೆಸರು ಸಿಂಧುವಾಗುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಸೆಕ್ಷನ್ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಕೊಡಲೇಬೇಕು.

ಅಂದ ಹಾಗೆ, ಹೆಸರು ತೀರ್ಮಾನವಾಗಲೆಂದು ತೋಟವನ್ನು ಕಾಯಿಸಬೇಡಿ. ರೋಗದ ಮರಗಳ ಸುತ್ತ ಕಂದಕ ತೋಡಿ ಬೇರಿನ ಸಂಪರ್ಕ ತಪ್ಪಿಸುವುದು, ಸತ್ತ ಮರದ ಬೊಡ್ಡೆ ಕೀಳುವುದು, ಬಸಿಗಾಲುವೆ ಸರಿಮಾಡುವುದು ಯಾವ ಹೆಸರಿಗೂ ಒಂದೇ ಎಂದು ನಿಮ್ಮ ತಂದೆಯವರಿಗೆ ಹೇಳಿ.

ಅಗರೋಸ್

ಒಂದು ಮಾತು ಸೇರಿಸುತ್ತೇನೆ. ಐಟಿಎಸ್ ಶಿಲೀಂಧ್ರಗಳ ಅಧಿಕೃತ ಬಾರ್‌ಕೋಡ್ ಎಂದು 2012ರಲ್ಲಿ ಒಪ್ಪಿತವಾಗಿದ್ದರೂ, ಗ್ಯಾನೋಡರ್ಮಾದ ಹತ್ತಿರದ ಪ್ರಭೇದಗಳನ್ನು ಬಿಡಿಸಲು ಅದೊಂದೇ ಸಾಲುವುದಿಲ್ಲ. 983ಎಫ್ ಮತ್ತು 2218ಆರ್ ಪ್ರೈಮರ್‌ಗಳಿಂದ ಟೆಫ್1 ಜೀನನ್ನೂ, ಸಾಧ್ಯವಾದರೆ ಆರ್‌ಪಿಬಿ2 ಜೀನನ್ನೂ ಓದಿಸಿ. ಐಟಿಎಸ್ ಸೇರಿ ಮೂರೂ ಭಾಗಗಳ ವಂಶವೃಕ್ಷಗಳಲ್ಲಿ ನಿಮ್ಮ ಮಾದರಿಗಳು ಒಂದೇ ಕೊಂಬೆಯಲ್ಲಿ ಕೂತರೆ ಆಗ ಮಾತಾಡೋಣ. ಎರಡು ದಿಕ್ಕಿನ ಓದಿಗೂ ಹಣ ಕಟ್ಟಿ, ಒಂದೇ ದಿಕ್ಕಿನಲ್ಲಿ ಉಳಿಸಿದ ಹಣ ಏನು ಮಾಡಿತೆಂದು ಈಗಾಗಲೇ ನೋಡಿದ್ದೀರಿ.

ಸೊಪ್ಪಿನಬೆಟ್ಟ

ಇಬ್ಬರಿಗೂ ಧನ್ಯವಾದಗಳು. ಪ್ರಬಂಧದ ಶೀರ್ಷಿಕೆಯಿಂದ ‘ಹೊಸ ಪ್ರಭೇದ’ ಎಂಬುದನ್ನು ತೆಗೆದು, ಮಾದರಿಯ ಚೀಟಿಯಲ್ಲಿ ‘ಗ್ಯಾನೋಡರ್ಮಾ, ಲೂಸಿಡಮ್ ಗುಂಪು’ ಎಂದಷ್ಟೇ ಬರೆದಿದ್ದೇನೆ. ಪಕ್ಕದ ಎರಡು ತೋಟಗಳಿಂದ ನಾಲ್ಕು ಅಣಬೆ ಸಿಕ್ಕಿವೆ, ಅವನ್ನು 45 ಡಿಗ್ರಿಯಲ್ಲಿ ಒಣಗಿಸುತ್ತಿದ್ದೇನೆ. ಟೆಫ್1ಗೆ ಸದ್ಯ ಮೂರು ಮಾದರಿಗಳಿಗಷ್ಟೇ ಹಣವಿದೆ. ಯಾವುದನ್ನು ಕಳುಹಿಸಲಿ?

ಒಣಮಾದರಿ

ತೋಟಕ್ಕೊಂದರಂತೆ ಕಳುಹಿಸಿ. ನಿಮ್ಮ ತೋಟದ್ದು 3ನೆಯ ಮರದ್ದೇ ಇರಲಿ, ಅದಕ್ಕೆ ಅಳತೆಯೂ ಐಟಿಎಸ್ಸೂ ಈಗಾಗಲೇ ಇದೆ. ಉಳಿದ ಎರಡು ತೋಟಗಳಿಂದ ಬೀಜಕ ಉದುರಿಸಿದ ಟೋಪಿಯನ್ನೇ ಆರಿಸಿ, ಉದುರಿಸದ ಎಳೆಯದನ್ನು ಬೇಡ. 5ನೆಯ ಮರದ್ದನ್ನು ಬಿಡಿ, ಫೋಟೋದಲ್ಲಿ ಅದರ ಅಡಿ ಹುಳು ತಿಂದ ಪುಡಿ ಕಾಣುತ್ತಿದೆ. ಅದನ್ನು ಉಳಿದವುಗಳಿಂದ ಇಂದೇ ಬೇರೆ ಮಾಡಿ, ಮುಚ್ಚಿದ ಚೀಲದಲ್ಲಿ ಒಂದು ವಾರ ಡೀಪ್ ಫ್ರೀಜರಿನಲ್ಲಿಡಿ.