‘ಅಳು ಬರುತ್ತಿಲ್ಲ, ನಾನು ಕಲ್ಲಾದೆನೇ?’: ಶುಶ್ರೂಷಕಿಯ ಪತ್ರಕ್ಕೆ ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಬಳ್ಳಾರಿ ಜಿಲ್ಲೆಯ ಶುಶ್ರೂಷಕಿಯೊಬ್ಬರು ತಮ್ಮ ಅಳಲು ತೋಡಿಕೊಂಡಿದ್ದರು. 2021ರ ಎರಡನೇ ಅಲೆಯಲ್ಲಿ ಕೋವಿಡ್ ವಾರ್ಡಿನಲ್ಲಿ ದುಡಿದ ಅವರು ಈಗ ಡೆಂಗಿ ರೋಗಿಗಳಿಂದ ತುಂಬಿದ ವಾರ್ಡಿನಲ್ಲಿದ್ದಾರೆ. ಕೆಲಸದಲ್ಲಿ ಲೋಪವಿಲ್ಲ, ಆದರೆ ರೋಗಿ ನರಳಿದರೂ, ಕಣ್ಮುಚ್ಚಿದರೂ ಮನಸ್ಸು ಮಿಡಿಯುವುದಿಲ್ಲ. ಮನೆಯಲ್ಲಿ ಮಗಳು ಮಾತನಾಡಿಸಿದರೂ ಸಿಡುಕು. ಈ ಕೆಲಸಕ್ಕೆ ತಾವು ಅರ್ಹರಲ್ಲವೇ, ಬಿಟ್ಟುಬಿಡಬೇಕೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

ನಿವೃತ್ತ ಶುಶ್ರೂಷಾಧಿಕಾರಿ, ರಾಯಚೂರು

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿರುವ ಹೆಂಗಸು ಒಂದು ಕಾಲಕ್ಕೆ ನಾನೇ ಆಗಿದ್ದೆ.

ಒಂದು ಬೇಸಿಗೆಯಲ್ಲಿ ನಮ್ಮ ಆಸ್ಪತ್ರೆಗೆ ವಾಂತಿಭೇದಿಯ ರೋಗಿಗಳು ಹಳ್ಳಿಹಳ್ಳಿಯಿಂದ ಬರತೊಡಗಿದರು. ಹಾಸಿಗೆ ಸಾಲದೆ ನೆಲದ ಮೇಲೆ ಚಾಪೆ ಹಾಸಿ, ಕಿಟಕಿಯ ಸರಳುಗಳಿಗೆ ಸಲೈನ್ ಬಾಟಲಿ ಕಟ್ಟಿದ್ದೆವು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಒಂದು ಕೂಸು ತೀರಿಕೊಂಡಿತು. ಅದರ ತಾಯಿ ನನ್ನ ಸೀರೆಯ ಸೆರಗು ಹಿಡಿದು ‘ಯವ್ವಾ, ಒಮ್ಮೆ ನೋಡ್ರಿ’ ಎಂದಾಗ, ನಾನು ರಿಜಿಸ್ಟರಿನಿಂದ ತಲೆಯೆತ್ತದೆ ‘ಇಲ್ಲಿ ಹೆಬ್ಬೆಟ್ಟು ಒತ್ತಮ್ಮ’ ಎಂದೆ. ಆ ದನಿ ನನ್ನದೇ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ರಾತ್ರಿ ಅಳು ಬರಲಿಲ್ಲ, ಮರುದಿನವೂ ಬರಲಿಲ್ಲ.

ನನ್ನನ್ನು ಉಳಿಸಿದವರು ನಮ್ಮ ಹಿರಿಯ ಸಿಸ್ಟರ್. ಅವರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ; ಹದಿನೈದು ದಿನ ನನ್ನನ್ನು ಮಕ್ಕಳ ಲಸಿಕಾ ವಿಭಾಗಕ್ಕೆ ಹಾಕಿದರು. ಅಲ್ಲಿ ಆರೋಗ್ಯವಾಗಿರುವ ಮಕ್ಕಳು ಚುಚ್ಚುಮದ್ದಿಗೆ ಗಟ್ಟಿಯಾಗಿ ಅತ್ತು, ಎರಡೇ ನಿಮಿಷಕ್ಕೆ ತಾಯಿಯ ಹೆಗಲ ಮೇಲೆ ಸುಮ್ಮನಾಗುತ್ತಿದ್ದವು. ಮತ್ತೆ ವಾರ್ಡಿಗೆ ಬಂದ ಮೇಲೆ ನಾವೊಂದು ರೂಢಿ ಮಾಡಿಕೊಂಡೆವು. ಯಾರಾದರೂ ತೀರಿಕೊಂಡರೆ, ಸ್ಟ್ರೆಚರ್ ಬರುವ ಮುಂಚೆ ಪಾಳಿಯಲ್ಲಿದ್ದವರು ಆ ಹಾಸಿಗೆಯ ಪಕ್ಕ ಒಂದು ನಿಮಿಷ ನಿಂತು, ಅವರ ಹೆಸರು ಹೇಳಿ, ಅನಂತರವೇ ಮುಂದಿನ ರೋಗಿಯ ಕಡೆ ಹೋಗುತ್ತಿದ್ದೆವು. ಸಾಧ್ಯವಾದರೆ ನೀವೂ ಇದನ್ನು ಮಾಡಿನೋಡಿ. ರಾಜೀನಾಮೆ ಬರೆಯುವ ಮುಂಚೆ ವಾರ್ಡು ಬದಲಾಯಿಸಿಕೊಡಿ ಎಂದು ಬರೆದುಕೊಡಿ, ಹಾಗೆ ಕೇಳಲು ಸಂಕೋಚಪಡಬೇಡಿ.

ಮನೋವೈದ್ಯರು, ಬಳ್ಳಾರಿ

ನಿಮಗಾಗಿರುವುದಕ್ಕೆ ಹೆಸರಿದೆ. ಅಮೆರಿಕದ ಕಾರ್ಲಾ ಜಾಯ್ನ್‌ಸನ್ 1992ರಲ್ಲಿ ದಾದಿಯರ ಸ್ಥಿತಿಯನ್ನು ಕುರಿತು ಬರೆಯುವಾಗ ಅದನ್ನು ‘ಕಂಪ್ಯಾಶನ್ ಫಟೀಗ್’ ಎಂದು ಕರೆದರು. ಮನೋವಿಜ್ಞಾನಿ ಚಾರ್ಲ್ಸ್ ಫಿಗ್ಲಿ 1995ರಲ್ಲಿ ಅದನ್ನು ವಿಸ್ತಾರವಾಗಿ ವಿವರಿಸಿದರು. ಕನ್ನಡದಲ್ಲಿ ಮರುಕದ ದಣಿವು ಎನ್ನಬಹುದು. ಕೆಲಸದ ಹೊರೆಯಿಂದ ಬರುವ ಬಳಲಿಕೆಗೂ ಇದಕ್ಕೂ ನಂಟಿದೆ, ಆದರೆ ಇವೆರಡೂ ಒಂದೇ ಅಲ್ಲ. ಬಳಲಿಕೆ ಯಾವ ಕಚೇರಿಯಲ್ಲಾದರೂ ಬರಬಹುದು. ಮರುಕದ ದಣಿವು ಬರುವುದು ಇನ್ನೊಬ್ಬರ ನೋವಿನ ತೀರಾ ಹತ್ತಿರ, ಬಹಳ ಕಾಲ ನಿಂತವರಿಗೆ. ಮರುಕವೇ ಇಲ್ಲದವರು ಹೀಗೆ ದಣಿಯುವುದಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಸಾಂಕ್ರಾಮಿಕದ ಹೊತ್ತಿನಲ್ಲಿ ಇದು ಹೆಚ್ಚಲು ಕಾರಣವಿದೆ. ಸಾವುಗಳು ಒಂದರ ಬೆನ್ನಿಗೊಂದು ಬರುವುದರಿಂದ ಒಂದಕ್ಕೆ ದುಃಖಿಸಿ ಮುಗಿಸುವ ಮುಂಚೆಯೇ ಇನ್ನೊಂದು ಎದುರಿಗಿರುತ್ತದೆ; ಜತೆಗೆ ತನ್ನಿಂದ ಮನೆಯವರಿಗೆ ಸೋಂಕು ತಗಲೀತೆಂಬ ಭಯ, ಸಂಬಂಧಿಕರ ಸಿಟ್ಟು. ನಿದ್ದೆ ಕೆಡುವುದು, ವಾರ್ಡಿನ ದೃಶ್ಯಗಳು ಮರುಕಳಿಸುವುದು, ಮನೆಯವರ ಮೇಲೆ ರೇಗುವುದು ಕೆಲವು ವಾರವಾದರೂ ಇಳಿಯದಿದ್ದರೆ ಚಿಕಿತ್ಸೆ ಪಡೆಯಿರಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ಮಾತನ್ನು ಈ ಊರಿನವನಾಗಿ ಹೇಳಬೇಕೆನಿಸುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಹಳ್ಳಿಯ ರೋಗಿಗೆ ನಾಚಿಕೆ ಬೇಡವೆಂದು ದೇಶಕ್ಕೆ ಕಲಿಸಿದ ಜಿಲ್ಲೆಯಲ್ಲಿ, ಬಿಳಿ ಕೋಟು ತೊಟ್ಟವರೇ ಮನೋವೈದ್ಯರ ಕೋಣೆಗೆ ಬರಲು ಹಿಂಜರಿಯುವುದನ್ನು ಕಂಡು ನನಗೆ ನೋವಾಗುತ್ತದೆ.

ರೈತ, ಸಿಂಧನೂರು

ನನ್ನ ಹೆಂಡತಿ ಆಶಾ ಕಾರ್ಯಕರ್ತೆ. ಜ್ವರದ ಸಮೀಕ್ಷೆಗೆ, ನೀರಿನ ತೊಟ್ಟಿಗಳಲ್ಲಿ ಲಾರ್ವಾ ನೋಡುವುದಕ್ಕೆ ದಿನವೆಲ್ಲ ಮನೆಮನೆ ಸುತ್ತಿ ಬಂದವಳು ಸಂಜೆ ಮನೆಯಲ್ಲಿ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ನಾನು ಅದನ್ನು ಸೊಕ್ಕು ಎಂದುಕೊಂಡಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಅವಳ ಕ್ಷಮೆ ಕೇಳಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲಗಳಿಗೆ ನೀರು ತಲುಪದಿದ್ದಾಗ ನಾವು ಹೊಲವನ್ನು ಬೈಯುವುದಿಲ್ಲ, ಮೇಲೆ ಯಾರು ಎಷ್ಟು ಎಳೆದುಕೊಂಡರೆಂದು ಕೇಳುತ್ತೇವೆ. ನಿಮ್ಮ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅದೇ. ಒಬ್ಬ ಶುಶ್ರೂಷಕಿಗೆ ಎಷ್ಟು ಹಾಸಿಗೆ, ಸತತ ಎಷ್ಟು ರಾತ್ರಿ ಪಾಳಿ, ವಾರದ ರಜೆ ಕೈಗೆ ಸಿಕ್ಕಿತೇ? ಇವನ್ನು ಸರಿಪಡಿಸದೆ ನಿಮಗೊಬ್ಬರಿಗೆ ಧ್ಯಾನ ಮಾಡಿ ಎಂದು ಹೇಳುವುದು ಅನ್ಯಾಯ.

ಗೃಹಿಣಿ, ಗಂಗಾವತಿ

ನಮ್ಮ ತಂದೆ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಒಳಗೆ ಬಿಡದ ಕಾರಣ ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ನಾಲ್ಕು ದಿನ ಕುಳಿತಿದ್ದೆವು. ದಿನಕ್ಕೊಮ್ಮೆ ಒಬ್ಬ ಸಿಸ್ಟರ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನಿನಿಂದ ವಿಡಿಯೊ ಕರೆ ಮಾಡಿ, ‘ಎರಡು ಚಮಚ ಗಂಜಿ ಕುಡಿದಿದ್ದಾರೆ, ಆಕ್ಸಿಜನ್ ನಡೆದಿದೆ’ ಎಂದು ಹೇಳುತ್ತಿದ್ದರು. ಅವರ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಅಂದು ನನಗೆ ಸಿಟ್ಟು ಬಂದಿತ್ತು. ಅವರಿಗೂ ನಿಮ್ಮ ಹಾಗೆಯೇ ಆಗಿತ್ತೋ ಏನೋ ಎಂದು ಈಗ ಅನಿಸುತ್ತಿದೆ.

ಕೆಲಸ ಬಿಡುವುದೋ ಉಳಿಯುವುದೋ ನೀವೇ ನಿರ್ಧರಿಸಬೇಕು. ಬಿಟ್ಟರೂ ನಿಮ್ಮನ್ನು ಯಾರೂ ಹಳಿಯಬಾರದು. ಆದರೆ ಮನಸ್ಸು ಮಿಡಿಯದೆ ಮಾಡಿದ ಸೇವೆ ಸೇವೆಯಲ್ಲ ಎಂದು ನೀವು ಬರೆದಿದ್ದಿರಿ, ಅದನ್ನು ನಾನು ಒಪ್ಪುವುದಿಲ್ಲ. ಕೊನೆಯ ದಿನ ಆ ಸಿಸ್ಟರ್ ಗೇಟಿನ ತನಕ ಬಂದು ನಮ್ಮ ಕೈಗೊಂದು ಪೊಟ್ಟಣ ಕೊಟ್ಟರು. ಅಪ್ಪನ ಕನ್ನಡಕವನ್ನೂ ವಿಭೂತಿಯ ಡಬ್ಬಿಯನ್ನೂ ಗಾಜ್ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಪೆನ್ನಿನಿಂದ ಅವರ ಹೆಸರನ್ನೂ ಊರನ್ನೂ ತಪ್ಪಿಲ್ಲದೆ ಬರೆದಿದ್ದರು. ಆ ಪ್ಲಾಸ್ಟರನ್ನು ನಮ್ಮವ್ವ ಇನ್ನೂ ಕಿತ್ತಿಲ್ಲ.