ಹರಿವಿನ ದಾಖಲೆಯೇ ಇಲ್ಲದ ನದಿ: ಇಐಎ ವರದಿಯ ‘ಶೇ 10 ನೀರು’ ಒಪ್ಪಬಹುದೇ?

ಪ್ರಶ್ನೆ
ಅಭಿವೃದ್ಧಿಶೀಲ ದೇಶವೊಂದರ 15 ಮೆಗಾವಾಟ್ ಜಲವಿದ್ಯುತ್ ಯೋಜನೆಯ ಪರಿಸರ ಪರಿಣಾಮ ವರದಿಯ (ಇಐಎ) ಕರಡು ಪರಿಶೀಲನೆಗೆ ಬಂದಿದೆ. ಸಣ್ಣ ಒಡ್ಡು ಕಟ್ಟಿ, ನೀರನ್ನು 3 ಕಿ.ಮೀ. ಸುರಂಗದಲ್ಲಿ ಒಯ್ದು, ವಿದ್ಯುದಾಗಾರ ದಾಟಿಸಿ ಮತ್ತೆ ಅದೇ ನದಿಗೆ ಬಿಡುತ್ತಾರೆ. ಒಡ್ಡಿಗೂ ವಿದ್ಯುದಾಗಾರಕ್ಕೂ ನಡುವಿನ ನದಿ ಪಾತ್ರಕ್ಕೆ ವಾರ್ಷಿಕ ಸರಾಸರಿ ಹರಿವಿನ ಶೇ 10 ಬಿಟ್ಟರೆ ಸಾಕು ಎಂದಿದೆ. ನದಿಯಲ್ಲಿ ಮಾಪನ ಕೇಂದ್ರವಿಲ್ಲ. ಸ್ಥಳ ಅಧ್ಯಯನ ನಡೆದದ್ದು ಬೇಸಿಗೆಯ ಮೂರು ವಾರ ಮಾತ್ರ. ಮೊದಲು ಏನನ್ನು ಕೇಳಬೇಕು?

ಉತ್ತರ 1
ಆ ಶೇ 10 ಎಲ್ಲಿಂದ ಬಂತು ಎಂದು ಕೇಳಿ. 1976ರಲ್ಲಿ ಟೆನಂಟ್ ಎಂಬ ಜೀವವಿಜ್ಞಾನಿ ಅಮೆರಿಕದ ಮೊಂಟಾನಾ, ವಯೋಮಿಂಗ್, ನೆಬ್ರಾಸ್ಕಾ ಹೊಳೆಗಳನ್ನು ನೋಡಿ ಮಾಡಿದ ಪಟ್ಟಿ ಅದು. ಆ ಪಟ್ಟಿಯಲ್ಲೇ ಶೇ 10 ಎಂದರೆ ಜಲಚರಗಳು ಸ್ವಲ್ಪ ಕಾಲ ಜೀವ ಹಿಡಿದುಕೊಳ್ಳುವಷ್ಟು ನೀರು, ಅಷ್ಟೇ. ಒಳ್ಳೆಯ ನೆಲೆಗೆ ಶೇ 30 ಬೇಕು.

ಮುಂಗಾರು ನದಿಗೆ ಇದನ್ನು ಹಾಕಿ ನೋಡಿ. ನಾಲ್ಕು ತಿಂಗಳು ಸೆಕೆಂಡಿಗೆ 40 ಘನ ಮೀಟರ್, ಎಂಟು ತಿಂಗಳು 2 ಎಂದುಕೊಳ್ಳಿ. ಸರಾಸರಿ 14.7, ಅದರ ಶೇ 10 ಸುಮಾರು 1.5. ಬೇಸಿಗೆಯಲ್ಲಿ 2ರಲ್ಲಿ 1.5 ಉಳಿಯುತ್ತದೆ. ಟರ್ಬೈನ್ ಗರಿಷ್ಠ 12 ಎಳೆದರೂ ಮಳೆಗಾಲದಲ್ಲಿ 28 ಒಡ್ಡಿನ ಮೇಲೆ ಹರಿಯುತ್ತದೆ. ಎರಡೂ ತುದಿ ಕಾಗದದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಪೆಟ್ಟು ಬೀಳುವುದು ನಡುವೆ: ಮೊದಲ ಮಳೆಗೆ ಹರಿವು 8ಕ್ಕೆ ಏರಿದಾಗ 6.5 ಸುರಂಗಕ್ಕೆ ಹೋಗಿ ಪಾತ್ರದಲ್ಲಿ ಅದೇ 1.5 ನಿಲ್ಲುತ್ತದೆ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಹತ್ತುವುದು ಆ ಏರಿಕೆಯ ಸುಳಿವು ಸಿಕ್ಕಾಗಲೇ. ಹಾಗಾಗಿ ಒಂದೇ ಅಂಕಿ ಒಪ್ಪಬೇಡಿ. ಹತ್ತು ದಿನಕ್ಕೊಂದು ಸಾಲಿನಂತೆ, ಬರುವ ನೀರು, ತಿರುಗಿಸುವ ನೀರು, ಉಳಿಯುವ ನೀರಿನ ಕೋಷ್ಟಕ ಕೇಳಿ. ಸಾಧಾರಣ ವರ್ಷಕ್ಕೊಂದು, ಬರದ ವರ್ಷಕ್ಕೊಂದು.

ಪ್ರಶ್ನೆ ಕೇಳಿದವರು
ದಾಖಲೆಯೇ ಇಲ್ಲದೆ ಕೋಷ್ಟಕ ಹೇಗೆ ಎಂದು ಸಲಹಾ ಸಂಸ್ಥೆ ಕೇಳುತ್ತಿದೆ.

ಉತ್ತರ 2
ಸೋರದ, ಕೊರೆಯದ ನೇರ ಪಾತ್ರ ಹುಡುಕಿ ಅಳತೆ ಪಟ್ಟಿ ನೆಡಬೇಕು. ಬೆಳಿಗ್ಗೆ 6, ಸಂಜೆ 6ಕ್ಕೆ ಮಟ್ಟ ಬರೆಯಲು ಊರಿನವರೊಬ್ಬರಿಗೆ ಸಂಬಳ ಕೊಟ್ಟರೆ ಸಾಕು. ಕನಿಷ್ಠ 8–10 ಬೇರೆ ಬೇರೆ ಮಟ್ಟಗಳಲ್ಲಿ ಕರೆಂಟ್ ಮೀಟರ್‌ನಿಂದ (ನೀರಿನ ವೇಗ ಅಳೆಯುವ ಸಾಧನ) ಹರಿವು ಅಳೆದು ಮಟ್ಟ–ಹರಿವಿನ ರೇಖೆ ಎಳೆಯಬೇಕು. ನೀರು ಮುಕ್ಕಾಲು ಮೀಟರಿಗಿಂತ ಕಡಿಮೆಯಿದ್ದರೆ ಮೇಲಿನಿಂದ ಒಟ್ಟು ಆಳದ 0.6 ಪಾಲಿನಲ್ಲಿ, ಹೆಚ್ಚಿದ್ದರೆ 0.2 ಮತ್ತು 0.8 ಪಾಲಿನಲ್ಲಿ ಅಳೆದು ಸರಾಸರಿ ಹಿಡಿಯುವುದು ರೂಢಿ. ಬೇಸಿಗೆಯಲ್ಲಷ್ಟೇ ಅಳೆದ ರೇಖೆಯನ್ನು ಪ್ರವಾಹದ ಮಟ್ಟಕ್ಕೆ ಎಳೆದು ಉದ್ದ ಮಾಡಿದರೆ ದೊಡ್ಡ ತಪ್ಪಾಗುತ್ತದೆ. ಒಂದು ಮಳೆಗಾಲವಾದರೂ ಬೇಕೇ ಬೇಕು.

ಹಿಂದಿನ ವರ್ಷಗಳಿಗೆ ಪಕ್ಕದ ನದಿಯ ಮಾಪನ ಕೇಂದ್ರವನ್ನು ಜಲಾನಯನ ವಿಸ್ತೀರ್ಣದ ಅನುಪಾತದಲ್ಲಿ ಬಳಸಬಹುದು. ಅನುಪಾತ 0.5ರಿಂದ 1.5ರ ಆಚೆ ಹೋದರೆ ನಂಬಬೇಡಿ, ಮಳೆ ನೆರಳಿನ ಬದಿಯದ್ದಾದರೆ ಅಂತೂ ಬೇಡವೇ ಬೇಡ. ಮಳೆಗೆ 1981ರಿಂದ ಉಚಿತವಾಗಿ ಸಿಗುವ, ಉಪಗ್ರಹ ಮತ್ತು ಮಳೆಮಾಪಕ ಆಧಾರಿತ ಚರ್ಪ್ಸ್ (CHIRPS) ದತ್ತಾಂಶವಿದೆ. ಕಾಡು, ಹೊಲ ಬದಲಾದದ್ದಕ್ಕೆ 1972ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳಿವೆ. ‘ದತ್ತಾಂಶವಿಲ್ಲ’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಉತ್ತರ 3
ನೀರಿನ ಮಾತು ಸರಿ. ಆದರೆ ಇಂಥ ಯೋಜನೆಯಲ್ಲಿ ಮೊದಲ ಮಳೆಗೇ ನದಿ ಹಾಳಾಗುವುದು ಸುರಂಗದ ಕಲ್ಲುಮಣ್ಣಿನಿಂದ. 4 × 4 ಮೀಟರ್ ಸುರಂಗ 3 ಕಿ.ಮೀ. ಅಂದರೆ 48,000 ಘನ ಮೀಟರ್ ಬಂಡೆ. ಒಡೆದ ಬಂಡೆ ಸುಮಾರು ಒಂದೂವರೆ ಪಟ್ಟು ಉಬ್ಬುತ್ತದೆ, ಅಂದರೆ 72,000. ಸರಾಸರಿ 5 ಮೀಟರ್ ಎತ್ತರಕ್ಕೆ ಸುರಿದರೂ ಸುಮಾರು 1.4 ಹೆಕ್ಟೇರ್ ಸಮತಟ್ಟು ಜಾಗ ಬೇಕು. ವರದಿ ಉಬ್ಬುವಿಕೆ ಬಿಟ್ಟು ಅಗೆದ 48,000ದ ಲೆಕ್ಕವನ್ನೇ ಹಿಡಿದಿದ್ದರೆ ಮೂರನೇ ಒಂದು ಭಾಗಕ್ಕೆ ಜಾಗವೇ ಇಲ್ಲ, ಅದು ಇಳಿಜಾರಿನಿಂದ ಹೊಳೆಗೇ ಬೀಳುತ್ತದೆ. ಸುರಿಯುವ ಜಾಗ ನಕ್ಷೆಯಲ್ಲಿದೆಯೇ, ಪ್ರವಾಹ ಮಟ್ಟಕ್ಕಿಂತ ಮೇಲಿದೆಯೇ, ಬುಡಕ್ಕೆ ತಡೆಗೋಡೆಯಿದೆಯೇ ನೋಡಿ. ಕೂಡು ರಸ್ತೆ, ಕಲ್ಲುಕ್ವಾರಿ, ವಿದ್ಯುತ್ ಮಾರ್ಗಗಳನ್ನು ‘ಬೇರೆ ಯೋಜನೆ’ ಎಂದು ಹೊರಗಿಟ್ಟಿದ್ದರೆ ವಾಪಸ್ ಕಳಿಸಿ. ವಿಶ್ವಬ್ಯಾಂಕಿನ 2018ರ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿನಲ್ಲೂ, ಯೋಜನೆಗಾಗಿಯೇ ಕಟ್ಟುವ ಇಂಥವು ಅಧ್ಯಯನದೊಳಗೇ ಬರಬೇಕು.

ಇನ್ನೊಂದು: ತಡೆಗೋಡೆ, ಹೂಳಿನ ಗುಂಡಿ, ಹರಿವು ಮಾಪಕ ಇವುಗಳಿಗೆ ಟೆಂಡರ್ ಪಟ್ಟಿಯಲ್ಲಿ ಪ್ರತ್ಯೇಕ ಪ್ರಮಾಣ, ದರದ ಸಾಲು ಇರಲೇಬೇಕು. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂದಷ್ಟೇ ಬರೆದರೆ ಗುತ್ತಿಗೆದಾರನಿಗೆ ಬಿಲ್ ಮಾಡಲು ಬಾಬ್ತೇ ಇರುವುದಿಲ್ಲ, ಕೆಲಸವೂ ಆಗುವುದಿಲ್ಲ. ಒಡ್ಡಿನಲ್ಲಿ ಬಿಡುವ ನೀರಿಗೆ ಗೇಟಿನ ಬದಲು ಮುಚ್ಚಲಾಗದ ತೂಬು ಇಡಿಸಿ.