ಪದಚರ್ಚೆ: ಚರ್ಚು ಆರೋಪವನ್ನು ‘ನಿರಾಕರಿಸಿತು’ ಎಂದರೆ ಏನು ಹೇಳಿದಂತಾಯಿತು?

ಗೆಳೆಯರೇ,

ಪಾದ್ರಿಯೊಬ್ಬರ ದುರ್ನಡತೆಯ ವಿಷಯವಾಗಿ ಯಾರೋ ಸಿವಿಲ್ ದಾವೆ ಹೂಡುತ್ತಾರೆ, ಚರ್ಚು ಅದಕ್ಕೆ ಉತ್ತರ ಕೊಡುತ್ತದೆ. ಅಮೆರಿಕದಿಂದಲೋ ಆಸ್ಟ್ರೇಲಿಯಾದಿಂದಲೋ ಬರುವ ಇಂಥ ಸುದ್ದಿಯನ್ನು ಕನ್ನಡಕ್ಕೆ ತರುವವರು ಕಣ್ಣು ಮುಚ್ಚಿ ಬರೆಯುವ ವಾಕ್ಯವೊಂದಿದೆ: ‘ಆರೋಪಗಳನ್ನು ಚರ್ಚು ನಿರಾಕರಿಸಿದೆ.’ ವ್ಯಾಕರಣದಲ್ಲಿ ತಪ್ಪಿಲ್ಲ, ಓದುವುದಕ್ಕೂ ಸರಾಗ. ಆದರೆ ಮೂಲದ ಕಾಗದ ಎದುರಿಗಿಟ್ಟುಕೊಂಡು ನೋಡಿದರೆ ಚರ್ಚು ಹೇಳಿದ್ದೇ ಬೇರೆ, ಈ ವಾಕ್ಯ ಹೇಳುವುದೇ ಬೇರೆ. ಇಂಥ ಒಂದಷ್ಟು ಕಾಗದಗಳ ಅನುವಾದವನ್ನು ತಿದ್ದುವ ಕೆಲಸ ಈಗ ನನ್ನ ಮೇಲಿದೆ. ನ್ಯಾಯಾಲಯದ ಕನ್ನಡ ಬಲ್ಲವರು, ಕ್ರೈಸ್ತ ಬಳಗದ ಕನ್ನಡ ಬಲ್ಲವರು ಇಬ್ಬರ ನೆರವೂ ಬೇಕು.

ಮೊದಲು ‘ನಿರಾಕರಿಸು’. ಆಹ್ವಾನ ನಿರಾಕರಿಸಿದ, ಸಹಿ ಹಾಕಲು ನಿರಾಕರಿಸಿದ, ಮಾತನಾಡಲು ನಿರಾಕರಿಸಿದ ಎನ್ನುವಾಗ ಅದು ‘ಒಲ್ಲೆ’. ಆರೋಪ ನಿರಾಕರಿಸಿದ ಎನ್ನುವಾಗ ಅದು ‘ಅಲ್ಲ’. ಕನ್ನಡದ ಎರಡು ಬೇರೆಬೇರೆ ಮಾತುಗಳನ್ನು ಈ ಒಂದು ಕ್ರಿಯಾಪದ ನುಂಗಿಕೊಂಡು ಕೂತಿದೆ. ಅಷ್ಟೇ ಆಗಿದ್ದರೆ ಸಂದರ್ಭ ನೋಡಿ ತಿಳಿದುಕೊಳ್ಳಬಹುದಿತ್ತು. ದಾವೆಯ ಮಾತಿನಲ್ಲಿ ಮೂರನೆಯದೊಂದು ಬಂದು ಸೇರುತ್ತದೆ: ‘ಅರಿಯೆ’.

ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳನ್ನೇ ತೆಗೆದುಕೊಳ್ಳಿ. ಸಮನ್ಸ್ ಜಾರಿಯಾದ ಮೇಲೆ ಪ್ರತಿವಾದಿಗೆ ಉತ್ತರ ಸಲ್ಲಿಸಲು ಸಾಮಾನ್ಯವಾಗಿ 21 ದಿನ. ವಾದಪತ್ರದ ಪ್ಯಾರಾಗಳಿಗೆ ಸಂಖ್ಯೆ ಹಾಕಿರುತ್ತಾರೆ, ಉತ್ತರವೂ ಅದೇ ಸಂಖ್ಯೆ ಹಿಡಿದು ಸಾಗುತ್ತದೆ. 8ನೇ ನಿಯಮದಂತೆ ಪ್ರತಿಯೊಂದು ಮಾತನ್ನೂ ಒಪ್ಪಬಹುದು, ಇಲ್ಲವೇ ಅಲ್ಲಗಳೆಯಬಹುದು, ಇಲ್ಲವೇ ‘ಇದು ನಿಜವೋ ಅಲ್ಲವೋ ಎಂಬ ತೀರ್ಮಾನಕ್ಕೆ ಬರುವಷ್ಟು ತಿಳಿವಳಿಕೆ ನಮಗಿಲ್ಲ’ ಎನ್ನಬಹುದು. ಈ ಕೊನೆಯ ಮಾತಿಗೂ ಕಾನೂನಿನ ಕಣ್ಣಿನಲ್ಲಿ ಅಲ್ಲಗಳೆದಷ್ಟೇ ಬೆಲೆ. ಏನೂ ಹೇಳದೆ ಬಿಟ್ಟರೆ, ಪರಿಹಾರದ ಮೊತ್ತವೊಂದನ್ನು ಬಿಟ್ಟು ಉಳಿದದ್ದನ್ನು ಒಪ್ಪಿಕೊಂಡಂತೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶವೂ ಇದೇ ಜಾಡಿನದು: ಜಾರಿಕೊಳ್ಳುವ ಉತ್ತರ ಸಲ್ಲದು, ನಿರ್ದಿಷ್ಟವಾಗಿ ಅಲ್ಲವೆನ್ನದಿದ್ದರೆ ಹೌದೆಂದಂತೆ.

ಚರ್ಚುಗಳ ಮೇಲಿನ ದಾವೆಗಳಲ್ಲಿ ‘ಅರಿಯೆ’ಗೆ ತುಂಬಾ ಕೆಲಸ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಕಾಲಮಿತಿ ಮೀರಿದ್ದ ಹಳೆಯ ಪ್ರಕರಣಗಳಿಗೆ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2019ರಲ್ಲಿ ಕಾನೂನು ಮಾಡಿ ಬಾಗಿಲು ತೆರೆದವು. ದಶಕಗಳ ಹಿಂದಿನ ಘಟನೆಗಳು ನ್ಯಾಯಾಲಯಕ್ಕೆ ಬಂದವು. ಅಂಥ ಕಡೆ ಹೆಸರು ಬಂದ ಗುರುಗಳೂ (ಅಂದರೆ ಪಾದ್ರಿಗಳೂ) ಆಗಿನ ಬಿಷಪ್ಪರೂ ತೀರಿಕೊಂಡಿರುವುದು ಸಾಮಾನ್ಯ. ಈಗಿನ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ) ವಕೀಲರು ‘ನಮಗೆ ತಿಳಿದಿಲ್ಲ’ ಎಂದು ಬರೆದರೆ ಅದು ನಿಜವಾದ ಅರಿಯದಿಕೆಯೂ ಇರಬಹುದು, ಕಡತ ತೆಗೆದು ನೋಡಲು ಒಲ್ಲದ ಅರಿಯದಿಕೆಯೂ ಇರಬಹುದು. ಯಾವುದೆಂದು ತೀರ್ಮಾನಿಸುವುದು ಅನುವಾದಕನ ಕೆಲಸವಲ್ಲ. ಆದರೆ ಅವರು ‘ಅರಿಯೆ’ ಎಂದಿದ್ದನ್ನು ನಾವು ‘ಅಲ್ಲ’ ಎಂದು ಬರೆದರೆ ನೊಂದವರನ್ನು ಚರ್ಚು ಸುಳ್ಳುಗಾರರೆಂದು ಕರೆದಂತೆ ಕನ್ನಡದಲ್ಲಿ ಕೇಳಿಸುತ್ತದೆ. ಎರಡೂ ಕಡೆಯವರಿಗೆ ಅನ್ಯಾಯ.

ಇದರ ತಿರುಗುಮುರುಗು ‘ಒಪ್ಪಿಕೊಂಡಿದೆ’. ಉತ್ತರದಲ್ಲಿ ಮೊದಲು ಒಪ್ಪುವುದೆಲ್ಲ ಸಪ್ಪೆ ಸಂಗತಿಗಳು. ಧರ್ಮಪ್ರಾಂತ್ಯದ ಕಚೇರಿ ಇಂಥ ಊರಿನಲ್ಲಿದೆ, ಹೌದು. ಆ ಗುರುಗಳಿಗೆ ದೀಕ್ಷೆ ಆದದ್ದು ಇಂಥ ವರ್ಷ, ಹೌದು. ಆ ಪ್ಯಾರಿಷ್‌ನಲ್ಲಿ (ಧರ್ಮಪ್ರಾಂತ್ಯದೊಳಗಿನ ಸ್ಥಳೀಯ ಚರ್ಚು) ಅವರು ಸೇವೆಯಲ್ಲಿದ್ದರು, ಹೌದು. ಇದನ್ನು ‘ಕೊನೆಗೂ ಒಪ್ಪಿಕೊಂಡ ಚರ್ಚು’ ಎಂದು ತಲೆಬರಹ ಮಾಡಿದರೆ ಓದುಗನಿಗೆ ಅದು ತಪ್ಪೊಪ್ಪಿಗೆ. ಕ್ಯಾಥೊಲಿಕ್ ಓದುಗನಿಗಂತೂ ಪಾಪನಿವೇದನೆಯೇ ನೆನಪಾದೀತು. ಇಂಥ ಒಪ್ಪಿಗೆಗೆ ‘ಹೌದೆಂದಿದೆ’ ಎನ್ನುವ ಪುಟ್ಟ ಮಾತೇ ಸಾಕೆಂದು ನನಗನಿಸುತ್ತದೆ.

ಇನ್ನೂ ಒಂದು ಬಗೆಯ ಉತ್ತರವಿದೆ, ಕನ್ನಡ ತಲೆಬರಹಗಳಲ್ಲಿ ಅದರ ಗತಿ ಎಲ್ಲಕ್ಕಿಂತ ಕೆಟ್ಟದ್ದು. ಪ್ಯಾರಾ ಪ್ಯಾರಾ ಉತ್ತರಿಸುವ ಮೊದಲೇ ದಾವೆಯನ್ನು ವಜಾ ಮಾಡಿ ಎಂದು ಪ್ರತಿವಾದಿ ಕೇಳಬಹುದು. ಅದರ ಒಂದು ಮುಖ್ಯ ಬಗೆಯಲ್ಲಿ ವಾದಿ ಹೇಳಿದ್ದನ್ನೆಲ್ಲ ನ್ಯಾಯಾಲಯ ಸದ್ಯಕ್ಕೆ ನಿಜವೆಂದೇ ಇಟ್ಟುಕೊಂಡು, ಹಾಗಿದ್ದರೂ ಕಾನೂನಿನಲ್ಲಿ ಪರಿಹಾರಕ್ಕೆ ದಾರಿಯಿದೆಯೇ ಎಂದು ಮಾತ್ರ ನೋಡುತ್ತದೆ. ಅಂದರೆ ಚರ್ಚು ‘ಅಲ್ಲ’ ಎಂದೂ ಅಂದಿಲ್ಲ, ‘ಅರಿಯೆ’ ಎಂದೂ ಅಂದಿಲ್ಲ, ‘ಇರಲಿ, ಆದರೆ?’ ಎಂದಿದೆ. ಇದಕ್ಕೂ ಪತ್ರಿಕೆಯವರು ‘ಆರೋಪ ತಳ್ಳಿಹಾಕಿದ ಚರ್ಚು’ ಎಂದೇ ಬರೆಯುತ್ತಾರೆ. ತಳ್ಳಿಹಾಕುವ ಅಧಿಕಾರ ಪ್ರತಿವಾದಿಗೆ ಯಾರು ಕೊಟ್ಟರು? ಅದು ನ್ಯಾಯಾಧೀಶರದು.

ನನ್ನ ಸಲಹೆ ಹೀಗೆ. ‘ನಿರಾಕರಿಸು’ವನ್ನು ಒಲ್ಲೆ ಎನ್ನುವ ಅರ್ಥಕ್ಕಷ್ಟೇ ಇಟ್ಟುಕೊಳ್ಳೋಣ: ‘ವಿಚಾರಣೆಯಲ್ಲಿರುವ ದಾವೆಯ ಬಗ್ಗೆ ಮಾತನಾಡಲು ಚರ್ಚು ನಿರಾಕರಿಸಿತು.’ ನಿಜವಲ್ಲ ಎಂದದ್ದಕ್ಕೆ ‘ಅಲ್ಲಗಳೆ’. ಮೂರನೆಯದಕ್ಕೆ ಒಂದೇ ಪದ ಹುಡುಕದೆ ‘ತನಗೆ ತಿಳಿದಿಲ್ಲ ಎಂದಿದೆ’. ‘ಅಲ್ಲಗಳೆ’ಯ ವಿಷಯದಲ್ಲಿ ನನಗೆ ಸಣ್ಣ ಅಳುಕಿದೆ. ‘ಅವರ ಸಾಧನೆಯನ್ನು ಅಲ್ಲಗಳೆಯುವಂತಿಲ್ಲ’ ಎನ್ನುವಾಗ ಅದಕ್ಕೆ ಹಗುರಾಗಿ ಕಾಣುವ ಅರ್ಥವೂ ಅಂಟಿಕೊಂಡಿದೆ. ನಿಮಗೆ ಹಾಗೆ ಕೇಳಿಸುತ್ತದೆಯೇ?

ಈ ಉತ್ತರವೆಂಬ ಕಾಗದಕ್ಕೆ ಹೆಸರೇನು ಎಂಬುದು ಇನ್ನೊಂದು ಪ್ರಶ್ನೆ. ಪತ್ರಕರ್ತರ ಎದುರು ವಕ್ತಾರರು ಓದುವುದೂ ‘ಪ್ರತಿಕ್ರಿಯೆ’, ನ್ಯಾಯಾಲಯಕ್ಕೆ ವಕೀಲರು ಕೊಡುವುದೂ ‘ಪ್ರತಿಕ್ರಿಯೆ’ ಎಂದು ಬರೆದರೆ ಕೆಟ್ಟಿತು. ಮೊದಲನೆಯದರಲ್ಲಿ ಪ್ರಾರ್ಥನೆ, ಕಳಕಳಿ, ‘ಇಂಥ ದೂರುಗಳನ್ನು ಗಂಭೀರವಾಗಿ ಪರಿಗಣಿಸುತ್ತೇವೆ’ ಎಲ್ಲ ಇರುತ್ತದೆ. ಎರಡನೆಯದರಲ್ಲಿ ಕಾಲಮಿತಿ ಮುಗಿದಿದೆ, ಆ ಗುರುಗಳು ನಮ್ಮ ನೌಕರರಲ್ಲ ಎಂಬುದಿರುತ್ತದೆ. ಒಂದೇ ಚರ್ಚು, ಒಂದೇ ವಾರ, ಎರಡು ದನಿ. ಎರಡಕ್ಕೂ ಬೇರೆ ಹೆಸರಿದ್ದರೆ ಓದುಗನಿಗೆ ಆ ಬಿರುಕು ಕಾಣುತ್ತದೆ. ನಮ್ಮ ನ್ಯಾಯಾಲಯಗಳಲ್ಲಿ ‘ಲಿಖಿತ ಹೇಳಿಕೆ’ ರೂಢಿ, ಆದರೆ ಪತ್ರಿಕಾ ಹೇಳಿಕೆಯೂ ಲಿಖಿತವೇ ಆಗಿರುವಾಗ ಇದು ಗೊಂದಲ. ‘ತಕರಾರು’ ಬಳಕೆಯಲ್ಲಿದೆ, ಜಗಳದ ವಾಸನೆ ಹೊಡೆಯುತ್ತದೆ. ‘ಉತ್ತರಪತ್ರ’ ಎಂದರೆ ಪರೀಕ್ಷೆ. ಕಚೇರಿಗನ್ನಡದ ‘ಕೈಫಿಯತ್ತು’ (ಲಿಖಿತ ವಿವರಣೆ) ನನಗೆ ಇಷ್ಟ, ಆದರೆ ಇವತ್ತಿನ ಎಳೆಯರಿಗೆ ಅದಕ್ಕೊಂದು ಅಡಿಟಿಪ್ಪಣಿ ಬೇಕು. ಸದ್ಯಕ್ಕೆ ‘ಪ್ರತಿವಾದಪತ್ರ’ ಎಂದಿಟ್ಟಿದ್ದೇನೆ.

ಇನ್ನು ಇಂಗ್ಲಿಷಿನ ‘ಅಲೆಜ್ಡ್’, ಅಂದರೆ ಹೇಳಿದ್ದಾರೆ, ಇನ್ನೂ ಸಾಬೀತಾಗಿಲ್ಲ ಎನ್ನುವ ಮಾತು. ಇದಕ್ಕೆ ಪತ್ರಿಕೆಗಳ ಸಿದ್ಧ ಉತ್ತರ ‘ಎನ್ನಲಾದ’. ‘ಕಿರುಕುಳ ನೀಡಿದರೆನ್ನಲಾದ ಪಾದ್ರಿ.’ ಯಾರು ಅಂದದ್ದು? ಊರೇ ಅಂದಿತೋ, ಗಾಳಿ ಅಂದಿತೋ? ಆಡುಮಾತಿನ ‘ಅಂತೆ’ಯ ಅಂತೆಕಂತೆ ಬಿಳಿ ಅಂಗಿ ತೊಟ್ಟು ಬಂದಂತಿದೆ ಈ ‘ಎನ್ನಲಾದ’. ದಾವೆಯಲ್ಲಿ ಹೇಳುವವರು ಗಾಳಿಯಲ್ಲ. ಗುಪ್ತನಾಮದಲ್ಲಿದ್ದರೂ ಒಬ್ಬ ವಾದಿ ಇದ್ದಾರೆ, ವಕೀಲರ ಸಹಿ ಇದೆ, ಸುಳ್ಳಾದರೆ ಹೊಣೆ ಇದೆ. ಹಾಗಾಗಿ ‘ವಾದಿ ಹೇಳುವಂತೆ’, ‘ದಾವೆಯಲ್ಲಿ ಹೇಳಿರುವಂತೆ’ ಎಂದು ಹೇಳಿದವರನ್ನು ವಾಕ್ಯದೊಳಕ್ಕೆ ತಂದು ಕೂರಿಸುವುದು ಮೇಲು. ಎರಡು ಪದ ಹೆಚ್ಚಾಗುತ್ತದೆ, ಆಗಲಿ. ‘ಆರೋಪಿ’ಯನ್ನಂತೂ ಇಲ್ಲಿ ಪೂರ್ತಿ ಬಿಡಬೇಕು. ಅದು ಕ್ರಿಮಿನಲ್ ಪ್ರಕರಣದ ಮಾತು. ಸಿವಿಲ್ ದಾವೆಯಲ್ಲಿರುವುದು ಪ್ರತಿವಾದಿ. ಸೋತರೂ ಆತ ‘ತಪ್ಪಿತಸ್ಥ’ನಲ್ಲ, ‘ಹೊಣೆಗಾರ’. ಸಿಗುವುದು ಶಿಕ್ಷೆಯಲ್ಲ, ಪರಿಹಾರ.

(ಪಕ್ಕದ ಮಾತು: ‘ಆರೋಪ’ದ ಮೂಲಾರ್ಥ ಒಂದರ ಮೇಲೆ ಇನ್ನೊಂದನ್ನು ಹೊರಿಸುವುದು. ರೂಪಕಾಲಂಕಾರದಲ್ಲಿ ಉಪಮೇಯದ ಮೇಲೆ ಉಪಮಾನವನ್ನು ಆರೋಪಿಸುತ್ತೇವೆ. ವೇದಾಂತಿಗಳ ಅಧ್ಯಾರೋಪದಲ್ಲಿ ಹಗ್ಗದ ಮೇಲೆ ಹಾವನ್ನು ಹೊರಿಸುತ್ತೇವೆ. ಆ ಲೆಕ್ಕದಲ್ಲಿ ಪ್ರತಿ ಆರೋಪವೂ ಹುಟ್ಟುವಾಗಲೇ ಸುಳ್ಳು! ಇವತ್ತಿನ ಬಳಕೆಗೆ ಈ ನಿರುಕ್ತಿಯ ಹಂಗಿಲ್ಲ, ಹಾಗಾಗಿ ಇದನ್ನು ಹಿಡಿದು ಯಾರೂ ವಾದ ಹೂಡಬೇಡಿ.)

‘ಚರ್ಚು’ ಎಂದರೆ ಯಾರು? ಕಟ್ಟಡಕ್ಕೆ ದೇವಾಲಯ, ಇಗರ್ಜಿ ಎಂಬ ಮಾತುಗಳಿವೆ, ವಿಶ್ವಾಸಿಗಳ ಒಟ್ಟು ಬಳಗಕ್ಕೆ ಕ್ಯಾಥೊಲಿಕರು ಧರ್ಮಸಭೆ ಎನ್ನುತ್ತಾರೆ, ಪ್ರೊಟೆಸ್ಟೆಂಟರು ಸಭೆ ಎನ್ನುತ್ತಾರೆ. ಆದರೆ ದಾವೆ ಹೂಡುವುದು ಯಾರ ಮೇಲೆ? ಇದು ಬರಿಯ ಪದದ ಗೊಡವೆಯಲ್ಲ. 2007ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಮೇಲ್ಮನವಿ ನ್ಯಾಯಾಲಯದಲ್ಲಿ ಇದೇ ಪ್ರಶ್ನೆ ಎದ್ದಿತು. ಕ್ಯಾಥೊಲಿಕ್ ಧರ್ಮಸಭೆ ನೋಂದಣಿಯಿಲ್ಲದ ಜನಸಮೂಹ, ಅದರ ಮೇಲೆ ದಾವೆ ನಿಲ್ಲದು. ಆಸ್ತಿಯನ್ನು ಹಿಡಿದಿರುವ ಟ್ರಸ್ಟಿಗಳು ಗುರುಗಳ ನಡತೆಗೆ ಹೊಣೆಯಲ್ಲ ಎಂದಾಯಿತು. ವಾದಿ ಜಾನ್ ಎಲ್ಲಿಸ್ ಅವರ ಹೆಸರಿನಿಂದ ‘ಎಲ್ಲಿಸ್ ಡಿಫೆನ್ಸ್’ ಎಂದೇ ಈ ಪ್ರತಿವಾದ ಹೆಸರಾಯಿತು, ಅದನ್ನು ಮುಚ್ಚಲು ಆ ರಾಜ್ಯ 2018ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಕೆನಡಾದಲ್ಲಿ ಇದಕ್ಕೆ ಎದುರಾದ ಚಿತ್ರ. ಅಲ್ಲಿ ಕೆಲವೆಡೆ ಬಿಷಪ್ಪರ ಹುದ್ದೆಯೇ ಒಂದು ನಿಗಮ, ಕೂತವರು ಬದಲಾದರೂ ಅದು ಮುಂದುವರಿಯುತ್ತದೆ. 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅಂಥ ನಿಗಮವನ್ನೇ ಹೊಣೆ ಮಾಡಿತು. ಮತ್ತೆ ಆಸ್ಟ್ರೇಲಿಯಾದ ಹೈಕೋರ್ಟು, ಅದೇ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಗುರುಗಳು ನೌಕರರಲ್ಲದ ಕಾರಣ ಅವರ ಕೃತ್ಯಕ್ಕೆ ಧರ್ಮಪ್ರಾಂತ್ಯ ಪರೋಕ್ಷ ಹೊಣೆಗಾರನಲ್ಲ ಎಂದು 2024ರಲ್ಲಿ ಹೇಳಿತು. ಇಷ್ಟೆಲ್ಲ ವ್ಯತ್ಯಾಸ ಇರುವಾಗ ‘ಚರ್ಚು ಹೇಳಿತು’ ಎಂದು ತೇಲಿಸಿಬಿಟ್ಟರೆ ದಾವೆಯ ತಿರುಳೇ ಹೋದಂತೆ. ಧರ್ಮಪ್ರಾಂತ್ಯವೋ, ಬಿಷಪ್ಪರೋ, ಟ್ರಸ್ಟೋ, ಪ್ಯಾರಿಷ್ಷೋ, ಮೂಲದಲ್ಲಿ ಯಾರಿದ್ದಾರೋ ಅವರನ್ನೇ ಬರೆಯೋಣ. ಆ ಹುದ್ದೆ-ನಿಗಮಕ್ಕೆ ಕಾನೂನು ಪದಕೋಶಗಳ ‘ಏಕವ್ಯಕ್ತಿ ನಿಗಮ’ ಒಬ್ಬನೇ ಮಾಲೀಕನ ಕಂಪನಿಯಂತೆ ಕೇಳಿಸುತ್ತದೆ. ಒಳ್ಳೆಯದು ಹೊಳೆದವರು ತಿಳಿಸಿ.

ಗುರುಗಳ ಪದನಾಮಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ: ಕ್ಯಾಥೊಲಿಕರಿಗೆ ಗುರು, ಯಾಜಕ; ಪ್ರೊಟೆಸ್ಟೆಂಟರಿಗೆ ಸಭಾಪಾಲಕ. ಹೊರಗಿನವರೆಲ್ಲ ‘ಪಾದ್ರಿ’ ಎನ್ನುತ್ತೇವೆ. ‘ಪಾಲಕ’ ಎಂದು ತುಂಡು ಮಾಡಬೇಡಿ, ತಂದೆತಾಯಿಯರನ್ನು ಪಾಲಕರು ಎನ್ನುವ ಓದುಗರು ಮಕ್ಕಳ ಪ್ರಕರಣದಲ್ಲಿ ಏನೆಂದುಕೊಂಡಾರು!

‘ದುರ್ನಡತೆ’ ಮಾತ್ರ ನನ್ನನ್ನು ಕಾಡುತ್ತಿದೆ. ಇಂಗ್ಲಿಷಿನ ‘ಮಿಸ್‌ಕಂಡಕ್ಟ್’ ಕೂಡ ನುಣುಪು ಮಾತೇ. ಹಣ ದುರುಪಯೋಗದಿಂದ ಮಗುವಿನ ಮೇಲಿನ ಅತ್ಯಾಚಾರದವರೆಗೆ ಎಲ್ಲವೂ ಅದರಡಿ ಅಡಗುತ್ತದೆ. ಚರ್ಚಿನ ಪ್ರಕಟಣೆಯಲ್ಲಿ ಆ ನುಣುಪಿದ್ದರೆ ಅನುವಾದದಲ್ಲೂ ಇರಲಿ, ಅದು ಅವರ ಆಯ್ಕೆ. ವರದಿಗಾರನ ಸ್ವಂತ ವಾಕ್ಯದಲ್ಲಿ ಅದು ಬೇಡ. ದಾವೆ ಲೈಂಗಿಕ ದೌರ್ಜನ್ಯ ಎಂದಿದ್ದರೆ ಹಾಗೆಯೇ ಬರೆಯಬೇಕು. ಇನ್ನು ‘ಬಲಿಪಶು’ವನ್ನು ಈ ಸಂದರ್ಭದಲ್ಲಿ ದಯವಿಟ್ಟು ಯಾರೂ ಬಳಸಬೇಡಿ. ಕ್ಯಾಥೊಲಿಕರ ಕನ್ನಡದಲ್ಲಿ ಚರ್ಚಿನ ನಿತ್ಯದ ಆರಾಧನೆಗೇ ಬಲಿಪೂಜೆ ಎನ್ನುತ್ತಾರೆ. ಅದೇ ವೇದಿಕೆಯ ಮುಂದೆ ಕಿರುಕುಳಕ್ಕೊಳಗಾದವರನ್ನು ಬಲಿಪಶು ಎನ್ನುವುದು ಗಾಯಕ್ಕೆ ಉಪ್ಪು. ‘ಸಂತ್ರಸ್ತ’ ನಡೆಯುತ್ತದೆ, ‘ನೊಂದವರು’ ಇನ್ನೂ ಹತ್ತಿರ.

ಕೊನೆಗೆ ಬಹುಪಾಲು ದಾವೆಗಳು ತೀರ್ಪಿನವರೆಗೆ ಹೋಗದೆ ಹಣಕೊಟ್ಟು ಮುಗಿಯುತ್ತವೆ. ಬಾಸ್ಟನ್ ಮಹಾಧರ್ಮಪ್ರಾಂತ್ಯ 2003ರಲ್ಲಿ 8.5 ಕೋಟಿ ಡಾಲರ್, ಲಾಸ್ ಏಂಜಲಿಸ್ 2007ರಲ್ಲಿ 66 ಕೋಟಿ, ಮತ್ತೆ 2024ರಲ್ಲಿ 88 ಕೋಟಿ ಡಾಲರ್ ಕೊಡಲು ಒಪ್ಪಿದವು. ಇದನ್ನು ‘ಚರ್ಚಿಗೆ ದಂಡ’ ಎಂದು ಬರೆದರೆ ಶುದ್ಧ ತಪ್ಪು, ದಂಡ ಹಾಕಿದವರು ಯಾರೂ ಇಲ್ಲ. ‘ರಾಜಿ’ ಕಾನೂನಿನ ಮಾತಾಗಿ ಸರಿ. ಆದರೆ ಜನರ ಬಾಯಲ್ಲಿ ‘ರಾಜಿಯಾದರು’ ಎಂದರೆ ನೊಂದವರು ಹಣಕ್ಕೆ ಬಗ್ಗಿದರು ಎಂಬ ಧ್ವನಿ. ‘ಇತ್ಯರ್ಥ’ಕ್ಕೆ ಆ ಕಳಂಕವಿಲ್ಲ, ಆದರೆ ಅದನ್ನು ನ್ಯಾಯಾಲಯವೇ ತೀರ್ಮಾನಿಸಿತು ಎಂದೂ ತಿಳಿಯಬಹುದು. ಹೊಣೆಯನ್ನು ಒಪ್ಪಿಕೊಳ್ಳದೆಯೇ ಹಣ ಕೊಡುವ ಷರತ್ತೂ ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ಅಲ್ಲಿ ‘ಪರಿಹಾರ’ ಎನ್ನಬಹುದೇ, ಅಥವಾ ‘ಮೊತ್ತ’ ಎಂದಷ್ಟೇ ಬಿಡಬೇಕೇ? ವಕೀಲಿಕೆಯಲ್ಲಿರುವವರು ನಿಮ್ಮ ಕಡೆಯ ರಾಜಿಪತ್ರಗಳಲ್ಲಿ ಈ ಷರತ್ತನ್ನು ಕನ್ನಡದಲ್ಲಿ ಹೇಗೆ ಬರೆಯುತ್ತೀರಿ ಎಂದು, ಹೆಸರುಗಳನ್ನು ತೆಗೆದು, ಒಂದೆರಡು ಸಾಲು ಕಳಿಸಿದರೆ ಉಪಕಾರ.